ಅಗಲಿದ ನಟನ ಹೆಸರು ಊರಿನ ರಸ್ತೆಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮೆಚ್ಚಿನ ನಟ ತೀರಿಕೊಂಡ ಮೇಲೆ ಅವರ ಹೆಸರು ಊರಲ್ಲಿ ಉಳಿಯಬೇಕೆಂಬ ಆಸೆ ಹೊತ್ತ ಪತ್ರಗಳು ಈ ಬಾರಿ ಹೆಚ್ಚು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ನಮ್ಮದು ತಾಲ್ಲೂಕು ಕೇಂದ್ರ. ಬಸ್ ನಿಲ್ದಾಣದಿಂದ ಕಾಲೇಜಿನವರೆಗಿನ ರಸ್ತೆಗೆ ಪುನೀತ್ ರಾಜ್‌ಕುಮಾರ್ ಹೆಸರಿಡಿ ಎಂದು ಪುರಸಭೆಗೆ ಮೂರು ಸಲ ಮನವಿ ಕೊಟ್ಟಿದ್ದೇವೆ. ‘ನೋಡೋಣ’ ಎಂಬ ಮಾತಿನ ಆಚೆಗೆ ಏನೂ ಆಗಿಲ್ಲ. ಎಲ್ಲಿ ತಪ್ಪುತ್ತಿದೆ?
— ಅಭಿಮಾನಿ ಬಳಗ, ಹಾಸನ ಜಿಲ್ಲೆ

ಇಂಥ ಮನವಿಗಳಲ್ಲಿ ಹೆಚ್ಚಿನವು ಬೇರೆಯವರ ಬಾಗಿಲು ತಟ್ಟಿರುತ್ತವೆ. ತಾಲ್ಲೂಕು ಕೇಂದ್ರಗಳಲ್ಲಿ ಬಸ್ ನಿಲ್ದಾಣದ ಮುಂದಿನ ದೊಡ್ಡ ರಸ್ತೆ ಎಷ್ಟೋ ಸಲ ಪುರಸಭೆಯದ್ದಾಗಿರುವುದೇ ಇಲ್ಲ. ಅಲ್ಲಿ ಕಸ ಗುಡಿಸುವುದು, ದೀಪ ಹಾಕುವುದು ಪುರಸಭೆಯವರೇ ಆದರೂ ದಾಖಲೆಯಲ್ಲಿ ಅದು ಲೋಕೋಪಯೋಗಿ ಇಲಾಖೆಯ ರಾಜ್ಯ ಹೆದ್ದಾರಿಯೋ ಜಿಲ್ಲಾ ಮುಖ್ಯರಸ್ತೆಯೋ ಆಗಿರುತ್ತದೆ. ರಾಷ್ಟ್ರೀಯ ಹೆದ್ದಾರಿಯಾಗಿದ್ದರೆ ಕೇಂದ್ರದ ಹೆದ್ದಾರಿ ಆಡಳಿತದ ಒಪ್ಪಿಗೆ ಬೇಕು. ತನ್ನದಲ್ಲದ ರಸ್ತೆಗೆ ಪುರಸಭೆ ಠರಾವು ಮಾಡಿದರೂ ಅದು ಮುಂದಿನ ಮೇಜಿನಲ್ಲಿ ನಿಂತುಬಿಡುತ್ತದೆ. ಹಾಗಾಗಿ ಮೊದಲು ಪುರಸಭೆಯ ಎಂಜಿನಿಯರಿಂಗ್ ವಿಭಾಗದಲ್ಲಿ ರಸ್ತೆಗಳ ವಹಿ ನೋಡಿ, ಈ ರಸ್ತೆ ಯಾರ ಸುಪರ್ದಿಯಲ್ಲಿದೆ ಎಂದು ಖಚಿತಪಡಿಸಿಕೊಳ್ಳಿ. ಬಾಯಿಮಾತಿನಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ. 30 ದಿನದಲ್ಲಿ ಬರಹದಲ್ಲಿ ಉತ್ತರ ಬರಬೇಕು. ಆ ಉತ್ತರವನ್ನೇ ಮನವಿಗೆ ಲಗತ್ತಿಸಬಹುದು.

ಮನವಿ ಒಂದು ಪುಟವಿದ್ದರೆ ಸಾಕು. ಅದರಲ್ಲಿ ನಟನ ಗುಣಗಾನಕ್ಕಿಂತ ರಸ್ತೆಯ ವಿವರ ಹೆಚ್ಚಿರಲಿ. ರಸ್ತೆ ಎಲ್ಲಿಂದ ಎಲ್ಲಿಗೆ, ಮೀಟರಿನಲ್ಲಿ ಎಷ್ಟು ಉದ್ದ, ಯಾವ ವಾರ್ಡುಗಳನ್ನು ಹಾಯುತ್ತದೆ, ಈಗ ದಾಖಲೆಯಲ್ಲಿ ಅದಕ್ಕೆ ಯಾವ ಹೆಸರಿದೆ, ಜನ ಏನೆಂದು ಕರೆಯುತ್ತಾರೆ, ಊರಿನಲ್ಲಿ ಅದೇ ಹೆಸರಿನ ಇನ್ನೊಂದು ರಸ್ತೆ ಇದೆಯೇ ಎಂಬ ಇಷ್ಟನ್ನೂ ಬರೆಯಿರಿ. ಕೈಯಲ್ಲಿ ಬರೆದ ನಕ್ಷೆಯಾದರೂ ಸರಿ, ಆರಂಭ ಮತ್ತು ಕೊನೆಯ ಬಿಂದುಗಳನ್ನು ಗುರುತಿಸಿ ಕೊಡಿ. ಆ ರಸ್ತೆಯ ಮನೆ-ಅಂಗಡಿಯವರ ಸಹಿ ಪ್ರತ್ಯೇಕ ಹಾಳೆಯಲ್ಲಿರಲಿ. ಬೇರೆ ಊರಿನ ಅಭಿಮಾನಿಗಳ ಸಾವಿರ ಸಹಿಗಿಂತ ಅಲ್ಲೇ ವಾಸಿಸುವ ನಲವತ್ತು ಮನೆಯವರ ಸಹಿಗೆ ತೂಕ ಹೆಚ್ಚು, ಏಕೆಂದರೆ ಮುಂದೆ ಆಕ್ಷೇಪಣೆ ಬರುವುದೂ ಅವರಿಂದಲೇ. ನಟನ ಕುಟುಂಬದ ಒಪ್ಪಿಗೆ ಪತ್ರವಿದ್ದರೆ ಒಳ್ಳೆಯದು. ಹೆಸರಿನ ಕಾಗುಣಿತವೂ ಅಲ್ಲೇ ಇತ್ಯರ್ಥವಾಗುತ್ತದೆ.

ಅಲ್ಲಿಂದ ಮುಂದಿನ ದಾರಿ ಹೀಗಿದೆ. ವಿಷಯ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಬರಬೇಕು. ತಾತ್ವಿಕ ಒಪ್ಪಿಗೆ ಸಿಕ್ಕ ಮೇಲೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕರೆಯುತ್ತಾರೆ. ರೂಢಿಯಲ್ಲಿ ಅದಕ್ಕೆ 30 ದಿನ. ಬಂದ ಆಕ್ಷೇಪಣೆಗಳನ್ನು ಸಭೆಯ ಮುಂದಿಟ್ಟು ಅಂತಿಮ ಠರಾವು ಮಾಡಿ ಸರ್ಕಾರದ ಅನುಮೋದನೆಗೆ ಕಳಿಸುತ್ತಾರೆ. ಮಹಾನಗರ ಪಾಲಿಕೆಯಾದರೆ 1976ರ ಕಾಯ್ದೆ, ಪುರಸಭೆ-ನಗರಸಭೆಯಾದರೆ 1964ರ ಕಾಯ್ದೆ, ಗ್ರಾಮ ಪಂಚಾಯಿತಿಯಾದರೆ 1993ರ ಕಾಯ್ದೆ ಅನ್ವಯಿಸುತ್ತದೆ. ಬೆಂಗಳೂರಿಗೆ ಈಗ 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಇದೆ. ಚುನಾಯಿತ ಸಭೆ ಇಲ್ಲದ ಊರಿನಲ್ಲಿ ಸಭೆಯ ಜಾಗದಲ್ಲಿ ಆಡಳಿತಾಧಿಕಾರಿ ಇರುತ್ತಾರೆ. ಬೆಂಗಳೂರಿನಲ್ಲಿ ಪುನೀತ್ ಹೆಸರಿನ ರಸ್ತೆ ಆದದ್ದು ಹಾಗೆಯೇ. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದಿತ್ತು.

ಆ ರಸ್ತೆಯನ್ನು ಮಾದರಿಯಾಗಿ ನೋಡಬಹುದು. ಮೈಸೂರು ರಸ್ತೆಯ ನಾಯಂಡಹಳ್ಳಿ ಜಂಕ್ಷನ್ನಿನಿಂದ ಬನ್ನೇರುಘಟ್ಟ ರಸ್ತೆಯ ವೆಗಾ ಸಿಟಿ ಮಾಲ್ ಜಂಕ್ಷನ್‌ವರೆಗೆ, ವರ್ತುಲ ರಸ್ತೆಯ 12 ಕಿ.ಮೀ. ಭಾಗವೆಂದು ಎರಡೂ ತುದಿ ಸ್ಪಷ್ಟವಾಗಿದ್ದವು. ಪುನೀತ್ ತೀರಿಕೊಂಡದ್ದು 2021ರ ಅಕ್ಟೋಬರ್ 29ರಂದು, ರಸ್ತೆಗೆ ಹೆಸರಿಟ್ಟದ್ದು 2023ರ ಫೆಬ್ರುವರಿ 7ರಂದು. ಇಡೀ ರಾಜ್ಯ ಒಂದೇ ಮನಸ್ಸಿನಲ್ಲಿದ್ದಾಗಲೂ ಹದಿನೈದು ತಿಂಗಳು ಹಿಡಿಯಿತು. ನಿಮ್ಮ ಬಳಗ ಅಷ್ಟು ಸಮಯವನ್ನಾದರೂ ಇಟ್ಟುಕೊಂಡೇ ಹೊರಡಬೇಕು.

ಇನ್ನೊಂದು ವಿಷಯವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. ಚುನಾವಣಾ ನೀತಿಸಂಹಿತೆ ಬಂದರೆ ಉದ್ಘಾಟನೆಗಳೆಲ್ಲ ನಿಲ್ಲುತ್ತವೆ. ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಗೆ ಅಂಬರೀಶ್ ಹೆಸರಿಟ್ಟದ್ದು, ಕಂಠೀರವ ಸ್ಟುಡಿಯೊದಲ್ಲಿ ಅವರ ಸ್ಮಾರಕ ಉದ್ಘಾಟನೆಯಾದದ್ದು 2023ರ ಮಾರ್ಚ್ 27ರಂದು. ಎರಡೇ ದಿನದ ಮೇಲೆ, ಮಾರ್ಚ್ 29ಕ್ಕೆ ವಿಧಾನಸಭಾ ಚುನಾವಣೆ ಘೋಷಣೆಯಾಯಿತು.

ಠರಾವಿಗೆ ಕಾಯದೆ ನಾವೇ ಬೋರ್ಡು ಬರೆಸಿ ನೆಟ್ಟರೆ ಏನಾಗುತ್ತದೆ? ಜನ ಕರೆಯಲು ಶುರು ಮಾಡಿದರೆ ಅದೇ ಹೆಸರಾಗುವುದಿಲ್ಲವೇ?
— ಓದುಗರು, ದಾವಣಗೆರೆ

ಆಟೋ ನಿಲ್ದಾಣಗಳ ಮಟ್ಟಿಗೆ ನಿಮ್ಮ ಮಾತು ನಿಜ. ಶಂಕರ್‌ನಾಗ್ ಹೆಸರಿನ ಆಟೋ ನಿಲ್ದಾಣಗಳು ರಾಜ್ಯದ ಊರೂರಿನಲ್ಲಿವೆ. ತೆರೆಯ ಮೇಲೆ ಆಟೋ ಚಾಲಕನಾದ ನಟನನ್ನು ಚಾಲಕರು ತಮ್ಮವನೆಂದು ಒಪ್ಪಿಕೊಂಡದ್ದರಿಂದ ಬಂದ ಹೆಸರುಗಳವು. 1990ರ ಸೆಪ್ಟೆಂಬರ್ 30ರಂದು ನಿಮ್ಮ ಜಿಲ್ಲೆಯ ಆನಗೋಡಿನ ಬಳಿ ಅವರನ್ನು ಕಳೆದುಕೊಂಡು ಮೂರು ದಶಕ ದಾಟಿದರೂ ಆ ಹೆಸರು ಮಾಸಿಲ್ಲ.

ರಸ್ತೆಯ ಮಾತು ಬೇರೆ. ಅನುಮತಿಯಿಲ್ಲದೆ ಸಾರ್ವಜನಿಕ ಜಾಗದಲ್ಲಿ ಬೋರ್ಡು ನೆಡುವುದು, ಅಂಟಿಸುವುದು ತೆರೆದ ಸ್ಥಳಗಳ ಅಂದಗೆಡಿಸುವಿಕೆ ತಡೆಯುವ 1981ರ ರಾಜ್ಯ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಫ್ಲೆಕ್ಸ್ ಆದರೆ 2016ರ ಪ್ಲಾಸ್ಟಿಕ್ ನಿಷೇಧವೂ ಸೇರುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ: ಕದ್ದು ನೆಟ್ಟ ಬೋರ್ಡನ್ನು ಸಿಬ್ಬಂದಿ ಕಿತ್ತುಹಾಕಿದ ದಿನ ನಟನಿಗೇ ಅವಮಾನವಾಯಿತೆಂದು ಗಲಾಟೆ ಶುರುವಾಗುತ್ತದೆ. ಒಮ್ಮೆ ಪೊಲೀಸ್ ಠಾಣೆ ಮೆಟ್ಟಿಲು ಹತ್ತಿದ ಹೆಸರನ್ನು ಸಭೆಯ ಮುಂದೆ ತರಲು ಯಾವ ಸದಸ್ಯರೂ ಮುಂದಾಗುವುದಿಲ್ಲ.

ನಾವು ಆರಿಸಿದ ರಸ್ತೆಗೆ ಹಳೆಯ ಹೆಸರೊಂದಿದೆ, ಯಾರೂ ಬಳಸುತ್ತಿಲ್ಲ. ಹಿರಿಯರು ಮಾತ್ರ ಬದಲಿಸಬೇಡಿ ಎನ್ನುತ್ತಿದ್ದಾರೆ.
— ಓದುಗರು, ಮಂಡ್ಯ

ಹಿರಿಯರ ಮಾತು ಕೇಳಿ. ಬಳಕೆಯಲ್ಲಿಲ್ಲ ಎಂದುಕೊಂಡ ಹೆಸರು ಆಕ್ಷೇಪಣೆಯ 30 ದಿನಗಳಲ್ಲಿ ಮತ್ತೆ ಎದ್ದು ಬರುತ್ತದೆ. 2024ರ ಕೊನೆಯಲ್ಲಿ ಮೈಸೂರಿನ ಕೆಆರ್‌ಎಸ್ ರಸ್ತೆಯ ಒಂದು ಭಾಗಕ್ಕೆ ಹೊಸ ಹೆಸರಿಡಲು ಪಾಲಿಕೆ ಆಕ್ಷೇಪಣೆ ಕರೆದಾಗ, ಆ ರಸ್ತೆ ಹಿಂದಿನಿಂದಲೂ ಪ್ರಿನ್ಸೆಸ್ ರಸ್ತೆ ಎಂಬ ವಾದ ಹಳೆಯ ದಾಖಲೆಗಳ ಜೊತೆ ಎದ್ದು, ಊರೇ ಚರ್ಚೆಗಿಳಿಯಿತು. ರಸ್ತೆಗಳ ಹೆಸರು ಬದಲಾದರೆ ಅಂಚೆಗೂ ಜನರಿಗೂ ಗೊಂದಲವಾಗುವುದಲ್ಲದೆ ಇತಿಹಾಸದ ಅರಿವೂ ಅಳಿಯುತ್ತದೆ ಎಂದು ಕೇಂದ್ರ ಗೃಹ ಸಚಿವಾಲಯ ದೆಹಲಿಯ ರಸ್ತೆಗಳ ವಿಚಾರದಲ್ಲಿ 1975ರಲ್ಲೇ ಬರೆದಿತ್ತು.

ನಮ್ಮ ಸಲಹೆಯೆಂದರೆ, ಹೆಸರಿಲ್ಲದ ಜಾಗವನ್ನೇ ಹುಡುಕಿ. ಹೊಸ ಬಡಾವಣೆಯ ಮುಖ್ಯರಸ್ತೆ, ‘80 ಅಡಿ ರಸ್ತೆ’ ಎಂದಷ್ಟೇ ಕರೆಸಿಕೊಳ್ಳುವ ರಸ್ತೆ, ಹೊಸದಾಗಿ ಕಟ್ಟಿದ ಬಸ್ ತಂಗುದಾಣ, ಬಯಲು ರಂಗಮಂದಿರ ಇವೆಲ್ಲ ಯಾರ ಹೆಸರನ್ನೂ ಕಿತ್ತುಕೊಳ್ಳದೆ ಸಿಗುತ್ತವೆ. ಬೇರೆ ದಾರಿಯೇ ಇಲ್ಲದಿದ್ದರೆ ಹಳೆಯ ರಸ್ತೆಯ ಹೆಸರು ಹಾಗೇ ಇರಲಿ, ಅದರ ಮೇಲಿನ ಒಂದು ವೃತ್ತಕ್ಕೆ ನಟನ ಹೆಸರು ಕೇಳಿ.

ವೃತ್ತಕ್ಕೆ ಹೆಸರು ಬಂದಿದೆ. ಈಗ ಅಲ್ಲಿ ಪ್ರತಿಮೆ ನಿಲ್ಲಿಸಬೇಕು. ಆರು ಲಕ್ಷ ರೂಪಾಯಿ ಕೂಡಿದೆ. ಕಂಚಿನದೋ ಫೈಬರಿನದೋ?
— ಸಮಿತಿಯೊಂದರ ಪದಾಧಿಕಾರಿಗಳು, ತುಮಕೂರು ಜಿಲ್ಲೆ

ಯಾವುದರದು ಎಂಬುದಕ್ಕೆ ಮೊದಲು ಎಲ್ಲಿ ಎಂಬುದನ್ನು ಬಗೆಹರಿಸಿಕೊಳ್ಳಬೇಕು. ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಕೊಟ್ಟ ಆದೇಶದ ಪ್ರಕಾರ ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ, ರಸ್ತೆಬದಿ ಮತ್ತಿತರ ಸಾರ್ವಜನಿಕ ಬಳಕೆಯ ಜಾಗಗಳಲ್ಲಿ ಪ್ರತಿಮೆ ನಿಲ್ಲಿಸಲು, ಕಟ್ಟಡ ಕಟ್ಟಲು ಯಾವ ರಾಜ್ಯ ಸರ್ಕಾರವೂ ಅನುಮತಿ ಕೊಡುವಂತಿಲ್ಲ. ಬೀದಿದೀಪ, ಸಂಚಾರ ವ್ಯವಸ್ಥೆ, ರಸ್ತೆಯ ಅಭಿವೃದ್ಧಿ, ಸೌಂದರ್ಯೀಕರಣ ಇಂಥವಕ್ಕೆ ಮಾತ್ರ ವಿನಾಯಿತಿ. ವೃತ್ತದ ನಡುವಿನ ಗುಂಡು ಕಟ್ಟೆಯೂ ರಸ್ತೆಯೇ. ಅಲ್ಲಿ ಹೆಸರಿನ ಫಲಕ ಇರಬಹುದು, ಪ್ರತಿಮೆಗೆ ಎಡೆಯಿಲ್ಲ.

‘ಪಕ್ಕದ ಊರಲ್ಲಿ ಇದೆಯಲ್ಲ’ ಎಂಬ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಆ ಆದೇಶಕ್ಕೂ ಮೊದಲೇ ನಿಂತದ್ದಕ್ಕೆ ಏನಾಯಿತು ನೋಡಿ. ಚೆನ್ನೈನ ಮರೀನಾ ಬಳಿ ಕಾಮರಾಜರ್ ಸಾಲೈನಲ್ಲಿ 2006ರಲ್ಲಿ ನಟ ಶಿವಾಜಿ ಗಣೇಶನ್ ಪ್ರತಿಮೆಯನ್ನು ಸರ್ಕಾರವೇ ನಿಲ್ಲಿಸಿತ್ತು. ಸಂಚಾರಕ್ಕೆ ಅಡ್ಡಿ ಎಂಬ ದೂರು ಹೈಕೋರ್ಟಿಗೆ ಹೋಗಿ, 2017ರ ಆಗಸ್ಟಿನಲ್ಲಿ ಅದನ್ನು ತೆಗೆದು ಅಡ್ಯಾರಿನ ಅವರ ಸ್ಮಾರಕ ಮಂಟಪಕ್ಕೆ ಸಾಗಿಸಬೇಕಾಯಿತು. ಅಷ್ಟು ದೊಡ್ಡ ನಟನ ಪ್ರತಿಮೆಗೇ ಹಾಗಾದ ಮೇಲೆ ನಿಮ್ಮ ಆರು ಲಕ್ಷವನ್ನು ರಸ್ತೆಯ ಮಧ್ಯೆ ಇಡಬೇಡಿ.

ಉದ್ಯಾನವೂ ಸುಲಭದ ಜಾಗವಲ್ಲ. ಉದ್ಯಾನ, ಆಟದ ಮೈದಾನ, ಬಯಲುಗಳ ರಕ್ಷಣೆಗೆ 1985ರ ಪ್ರತ್ಯೇಕ ಕಾಯ್ದೆ ಇದೆ. ಉದ್ಯಾನಕ್ಕೆ ಹೆಸರಿಡುವುದು ಒಂದು, ಅದರೊಳಗೆ ಕಾಂಕ್ರೀಟು ಹಾಕುವುದು ಇನ್ನೊಂದು. ಗ್ರಂಥಾಲಯ, ರಂಗಮಂದಿರ, ಸಮುದಾಯ ಭವನದ ಆವರಣವೇ ಸರಿಯಾದ ಜಾಗ: ಕಾವಲು ಇರುತ್ತದೆ, ಗೇಟು ಇರುತ್ತದೆ, ಮಾಲೆ ಹಾಕುವ ದಿನ ರಸ್ತೆ ಕಟ್ಟುವುದಿಲ್ಲ.

ಈಗ ಲೋಹದ ಮಾತು. ಫೈಬರ್ ಪ್ರತಿಮೆ ಹಗುರ, ಅಗ್ಗ, ಬೇಗ ಆಗುತ್ತದೆ. ಆದರೆ ಬಯಲಿನ ಬಿಸಿಲಿಗೆ ಮೂರ್ನಾಲ್ಕು ವರ್ಷದಲ್ಲಿ ಬಣ್ಣ ಪುಡಿಯೇಳುತ್ತದೆ. ಮತ್ತೆ ಬಣ್ಣ ಹಚ್ಚಿದಾಗಲೆಲ್ಲ ಕಣ್ಣು-ತುಟಿಯ ಗೆರೆ ತುಂಬಿಕೊಂಡು ಮುಖಚಹರೆ ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ಹತ್ತು ವರ್ಷದ ಮೇಲೆ ಊರಿನವರಿಗೇ ಅದು ಯಾರೆಂದು ತಿಳಿಯದ ಸ್ಥಿತಿಗೆ ಬಂದ ಪ್ರತಿಮೆಗಳು ಎಷ್ಟೋ ಇವೆ. ಸಿಮೆಂಟಿನದಾದರೆ ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಹಿಗ್ಗಿ, ಬೆರಳು, ಕಿವಿ ಮೊದಲು ಸಿಡಿಯುತ್ತವೆ. ಹಣ ಕಡಿಮೆಯಿದ್ದರೆ ಪೂರ್ಣ ಪ್ರಮಾಣದ ಫೈಬರಿಗಿಂತ ಕಂಚಿನ ಎದೆಮಟ್ಟದ ಪ್ರತಿಮೆ ಮೇಲು.

ಮೂರು ಅಡಿಯ ಎದೆಮಟ್ಟದ ಕಂಚಿನ ಪ್ರತಿಮೆಗೆ ಗೋಡೆಯ ದಪ್ಪ 5–6 ಮಿ.ಮೀ. ಇದ್ದರೆ ತೂಕ ಅಂದಾಜು 90ರಿಂದ 120 ಕೆ.ಜಿ. ಬರುತ್ತದೆ. ಒಪ್ಪಂದದಲ್ಲಿ ದಪ್ಪ ಮತ್ತು ತೂಕ ಎರಡನ್ನೂ ಬರೆಸಿ, ತಂದ ದಿನ ತೂಗಿಸಿ. ಕೆಲಸ ನಡೆಯುವ ಕ್ರಮ: ಮಣ್ಣಿನ ಮಾದರಿ, ಅದರ ಮೇಲೆ ಅಚ್ಚು, ಅಚ್ಚಿನಿಂದ ಮೇಣದ ಪ್ರತಿ, ಮೇಣ ಕರಗಿಸಿ ಆ ಜಾಗಕ್ಕೆ ಕಂಚು ಎರಕ, ಕೊನೆಗೆ ಗೀಸುವುದು ಮತ್ತು ಬಣ್ಣ ಏರಿಸುವುದು. ಮುಖ ಹೋಲುತ್ತದೆಯೇ ಎಂದು ಒಪ್ಪಿಗೆ ಕೊಡಬೇಕಾದದ್ದು ಮಣ್ಣಿನ ಹಂತದಲ್ಲೇ. ಸಮಿತಿಯ ಐದು ಜನ ಹಗಲು ಬೆಳಕಿನಲ್ಲಿ, ಪೀಠದಷ್ಟು ಎತ್ತರಕ್ಕೆ ಏರಿಸಿ, ಕೆಳಗಿನಿಂದ ನೋಡಿ ಒಪ್ಪಬೇಕು. ಮೇಜಿನ ಮೇಲೆ ನೋಡಿದಾಗ ಸರಿಯಿದ್ದ ಮುಖ ಆರು ಅಡಿ ಮೇಲೇರಿದರೆ ಗದ್ದವೇ ದೊಡ್ಡದಾಗಿ, ಹಣೆ ಕುಗ್ಗಿ ಕಾಣುತ್ತದೆ. ಶಿಲ್ಪಿಗೆ ಒಂದೇ ಪೋಸ್ಟರ್ ಕೊಡಬೇಡಿ. ಎದುರು, ಎರಡು ಪಕ್ಕ, ಮುಕ್ಕಾಲು ತಿರುವು, ಹಿಂದಲೆ ಹೀಗೆ ಕನಿಷ್ಠ ಹತ್ತು ಚಿತ್ರಗಳನ್ನು, ಒಂದೇ ವಯಸ್ಸಿನವನ್ನು ಕೊಡಿ. ಇಪ್ಪತ್ತೈದರ ಮುಖ ಮತ್ತು ನಲವತ್ತೈದರ ಮುಖ ಬೆರೆತರೆ ಆ ಪ್ರತಿಮೆ ಯಾರಂತೆಯೂ ಕಾಣುವುದಿಲ್ಲ. ಪೀಠಕ್ಕೆ ಕೂರಿಸುವ ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿನದಿರಲಿ; ಸಾದಾ ಕಬ್ಬಿಣ ಕಂಚಿಗೆ ತಾಗಿ ಮಳೆನೀರು ಸೇರಿದರೆ ಕಬ್ಬಿಣ ಬೇಗ ತಿಂದುಹೋಗುತ್ತದೆ. ಒಳಗೆ ನಿಂತ ನೀರು ಹೊರಹೋಗಲು ತಳದಲ್ಲಿ ಸಣ್ಣ ತೂತು ಬಿಡಿಸಿ.

ಫಲಕದಲ್ಲಿ ಹೆಸರು ‘ರಾಜ್ಕುಮಾರ್’ ಎಂದು ಅಚ್ಚಾಗಿ ಬಂತು. ಬರೆದುಕೊಟ್ಟದ್ದು ಸರಿಯಾಗಿಯೇ ಇತ್ತು. ಹೀಗೇಕಾಯಿತು?
— ಓದುಗರು, ಚಾಮರಾಜನಗರ

ಇದು ಈಗ ಬಹಳ ಕಡೆ ಆಗುತ್ತಿರುವ ತಪ್ಪು. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ, ಅಗಲವಿಲ್ಲದ ಒಂದು ಸಂಕೇತ ಇರುತ್ತದೆ. ಒತ್ತಕ್ಷರವಾಗದಂತೆ ಎರಡನ್ನೂ ಬೇರ್ಪಡಿಸುವುದು ಅದೇ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದನ್ನು ಡಿಟಿಪಿಯವರು ನಕಲು ಮಾಡಿ ಹಳೆಯ ಫಾಂಟಿಗೆ ಪರಿವರ್ತಿಸುವಾಗ ಆ ಸಂಕೇತ ಬಿದ್ದುಹೋಗುತ್ತದೆ. ಆಗ ಕಕಾರ ಜಕಾರದ ಕೆಳಗೆ ಒತ್ತಾಗಿ ಕೂರುತ್ತದೆ. ‘ಶಂಕರ್‌ನಾಗ್’ ಆದರೆ ‘ಶಂಕರ್ನಾಗ್’ ಎಂದು ಅರ್ಕಾವತ್ತು ಬಂದುಬಿಡುತ್ತದೆ. ‘ವಿಷ್ಣುವರ್ಧನ್’ ಎಂಬಲ್ಲಿ ಅರ್ಕಾವತ್ತು ಇರಲೇಬೇಕು. ಅದನ್ನು ಒಡೆದು ‘ವರ್‌ಧನ್’ ಮಾಡಿದ ಫಲಕವೂ ತಪ್ಪೇ.

ಪರಿಹಾರ ಸರಳ: ಅಕ್ಷರಗಳನ್ನು ಕಳಿಸಬೇಡಿ, ಕಾಗದದ ಮೇಲೆ ದೊಡ್ಡದಾಗಿ ಮುದ್ರಿಸಿದ ಮಾದರಿ ಕೊಡಿ. ಕೆತ್ತುವ ಮೊದಲು ನಿಜವಾದ ಅಳತೆಯ ಕಾಗದದ ಅಚ್ಚನ್ನು ಕಲ್ಲಿನ ಮೇಲೆ ಅಂಟಿಸಿ, ಕನ್ನಡ ಮೇಷ್ಟರೊಬ್ಬರನ್ನು ಕರೆದು ಓದಿಸಿ, ಅದರ ಮೇಲೆ ಸಹಿ ಹಾಕಿಸಿ. ಗ್ರಾನೈಟಿನಲ್ಲಿ ಕೆತ್ತಿದ ಮೇಲೆ ತಿದ್ದುವ ದಾರಿ ಹೊಸ ಕಲ್ಲೊಂದೇ. ಅಂಬರೀಶ್ ಹೆಸರನ್ನು ಶಕಾರದಲ್ಲೂ ಷಕಾರದಲ್ಲೂ ಬರೆಯುವುದುಂಟು. ಇಂಥಲ್ಲಿ ಠರಾವಿನಲ್ಲಿ ಯಾವ ರೂಪವಿದೆಯೋ ಅದೇ ಫಲಕದಲ್ಲೂ ಇರಬೇಕು. ಒಂದು ತುದಿಯ ಫಲಕದಲ್ಲಿ ಒಂದು ರೂಪ, ಇನ್ನೊಂದು ತುದಿಯಲ್ಲಿ ಬೇರೆ ರೂಪ ಆದರೆ ನಕ್ಷೆಗಳಲ್ಲೂ ಎರಡು ರಸ್ತೆಗಳಾಗುತ್ತವೆ.

ಅಕ್ಷರದ ಗಾತ್ರಕ್ಕೆ ಒಂದು ಲೆಕ್ಕ: ಓದುವವರು ಹತ್ತು ಅಡಿ ದೂರ ಇದ್ದರೆ ಒಂದು ಇಂಚಿನ ಅಕ್ಷರ. ಮೂವತ್ತು ಅಡಿ ಅಗಲದ ರಸ್ತೆಯ ಆಚೆ ಬದಿಯಿಂದ ಕಾಣಬೇಕಾದರೆ ಮೂರು ಇಂಚು. ಕನ್ನಡಕ್ಕೆ ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು. ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಕಂಬದ ಫಲಕವಾದರೆ ಪಾದಚಾರಿ ಮಾರ್ಗದಿಂದ ಫಲಕದ ಕೆಳಅಂಚಿಗೆ 2.1 ಮೀಟರ್ ಇರಲಿ, ನಡೆಯುವವರ ತಲೆಗೆ ತಾಗಬಾರದು. 2 ಮಿ.ಮೀ. ಅಲ್ಯೂಮಿನಿಯಂ ಹಾಳೆಯ ಮೇಲೆ ಬೆಳಕು ಪ್ರತಿಫಲಿಸುವ ಶೀಟು ಅಂಟಿಸಿದ್ದು ರಾತ್ರಿ ವಾಹನದ ಬೆಳಕಿಗೂ ಕಾಣುತ್ತದೆ.

ಫಲಕದಲ್ಲಿ ನಟನ ಭಾವಚಿತ್ರ ಬೇಡವೆಂದೇ ನಮ್ಮ ಅಭಿಪ್ರಾಯ. ಮುದ್ರಣದ ಬಣ್ಣಗಳಲ್ಲಿ ಹಳದಿಯೂ ಕೆಂಪೂ ಮೊದಲು ಮಾಸುತ್ತವೆ. ನೀಲಿ ಮಾತ್ರ ಉಳಿದ ಮುಖವನ್ನು ನೋಡಲು ಯಾವ ಅಭಿಮಾನಿಗೂ ಹಿತವಾಗುವುದಿಲ್ಲ. ಚಿತ್ರದ ಹಕ್ಕು ತೆಗೆದ ಛಾಯಾಗ್ರಾಹಕರಿಗೆ ಸೇರಿರುತ್ತದೆ ಎಂಬುದೂ ನೆನಪಿರಲಿ.

ರಸ್ತೆಯ ಹೆಸರು ಬದಲಾದರೆ ಖಾತೆ, ಆಧಾರ್, ಗ್ಯಾಸ್ ಎಲ್ಲವನ್ನೂ ತಿದ್ದಿಸಬೇಕೇ?
— ಗೃಹಿಣಿ, ಬೆಂಗಳೂರು

ಬೇಕಿಲ್ಲ. ಹಳೆಯ ವಿಳಾಸವಿರುವ ದಾಖಲೆ ಅಮಾನ್ಯವಾಗುವುದಿಲ್ಲ, ಪಿನ್ ಕೋಡ್ ಬದಲಾಗುವುದಿಲ್ಲ, ಆಸ್ತಿಯನ್ನು ಗುರುತಿಸುವುದು ಅದರ ಸಂಖ್ಯೆಯಿಂದ. ಹೊಸದಾಗಿ ಕ್ರಯಪತ್ರ ಮಾಡಿಸುವಾಗ ಮಾತ್ರ ಹೊಸ ಹೆಸರು ಬರೆದು ‘ಹಿಂದಿನ ಹೆಸರು ಇಂಥದ್ದು’ ಎಂದು ಸೇರಿಸಿ, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆಯ ವಿವರ) ಹಳೆಯ ಪತ್ರಕ್ಕೆ ತಾಳೆಯಾಗಲಿ.

ನಮ್ಮೂರಿನ ರೈಲು ನಿಲ್ದಾಣಕ್ಕೆ ನಟನ ಹೆಸರು ಬರಲು ಯಾರನ್ನು ಕೇಳಬೇಕು?
— ಓದುಗರು, ಶಿವಮೊಗ್ಗ ಜಿಲ್ಲೆ

ಇದು ಪಾಲಿಕೆಯ ಕೈಯಲ್ಲಿಲ್ಲ, ರೈಲ್ವೆಯೊಂದರ ಕೈಯಲ್ಲೂ ಇಲ್ಲ. ರಾಜ್ಯ ಸರ್ಕಾರ ಪ್ರಸ್ತಾವ ಕಳಿಸಬೇಕು, ಕೇಂದ್ರ ಗೃಹ ಸಚಿವಾಲಯ ರೈಲ್ವೆ, ಅಂಚೆ, ಸರ್ವೆ ಇಲಾಖೆಗಳ ಅಭಿಪ್ರಾಯ ಪಡೆದು ನಿರಾಕ್ಷೇಪಣೆ ಕೊಡಬೇಕು, ಆಮೇಲೆ ರಾಜ್ಯದ ಅಧಿಸೂಚನೆ. ಊರಿನ ಹೆಸರು, ನಿಲ್ದಾಣದ ಹೆಸರುಗಳಿಗೆ ಗೃಹ ಸಚಿವಾಲಯ ಅನುಸರಿಸುವ ಸೂತ್ರಗಳು 1953ರವು. ಜನರಿಗೆ ರೂಢಿಯಾದ ಹೆಸರನ್ನು ಆದಷ್ಟು ಬದಲಿಸಬಾರದು, ಬರಿಯ ಸ್ಥಳೀಯ ಅಭಿಮಾನ ಕಾರಣವಾಗಬಾರದು, ಬಲವಾದ ಕಾರಣ ಕೊಡಬೇಕು ಎನ್ನುತ್ತವೆ ಅವು. ಚೆನ್ನೈ ಸೆಂಟ್ರಲ್‌ಗೆ 2019ರಲ್ಲಿ ಎಂ.ಜಿ. ರಾಮಚಂದ್ರನ್ ಹೆಸರು ಬಂದದ್ದು ಅವರು ಮುಖ್ಯಮಂತ್ರಿಯಾಗಿಯೂ ಇದ್ದವರಾದ್ದರಿಂದ. ಟಿಕೆಟಿನ ಮೂರಕ್ಷರದ ಸಂಕೇತ ಮಾತ್ರ ಮದ್ರಾಸಿನ ಕಾಲದ ‘ಎಂಎಎಸ್’ ಆಗಿಯೇ ಉಳಿದಿದೆ. ಊರಿನ ಹೆಸರು ಹೊತ್ತ ಸಣ್ಣ ನಿಲ್ದಾಣಕ್ಕೆ ಈ ದಾರಿ ಹಿಡಿಯುವ ಬದಲು ನಿಲ್ದಾಣದಿಂದ ಪೇಟೆಗೆ ಹೋಗುವ ರಸ್ತೆಯನ್ನು ಕೇಳಿ.

ದಾನಿಗಳೊಬ್ಬರು ಸ್ಮಾರಕಕ್ಕೆಂದು ಹತ್ತು ಗುಂಟೆ ಕೊಡುತ್ತೇವೆ ಎಂದಿದ್ದಾರೆ. ಮಾತು ಕೊಟ್ಟಿದ್ದಾರೆ, ಪತ್ರ ಇನ್ನೂ ಆಗಿಲ್ಲ. ಕೆಲಸ ಶುರು ಮಾಡಬಹುದೇ?
— ಓದುಗರು, ಮೈಸೂರು ಜಿಲ್ಲೆ

ದಯವಿಟ್ಟು ಒಂದು ಇಟ್ಟಿಗೆಯನ್ನೂ ಇಡಬೇಡಿ. ವಿಷ್ಣುವರ್ಧನ್ ಅವರ ವಿಷಯದಲ್ಲಿ ನಾಡೇ ಪಟ್ಟ ನೋವು ಕಣ್ಣ ಮುಂದಿದೆ. 2009ರ ಡಿಸೆಂಬರ್ 30ರಂದು ಅವರು ತೀರಿಕೊಂಡಾಗ ಅಂತ್ಯಸಂಸ್ಕಾರ ನಡೆದದ್ದು ಬೆಂಗಳೂರಿನ ಅಭಿಮಾನ್ ಸ್ಟುಡಿಯೊದಲ್ಲಿ. ಅದು ಹಿರಿಯ ನಟ ಟಿ.ಎನ್. ಬಾಲಕೃಷ್ಣ ಅವರಿಗೆ ಸ್ಟುಡಿಯೊ ಕಟ್ಟಲೆಂದು ಸರ್ಕಾರ ಕೊಟ್ಟ ಜಮೀನು. ಜಾಗದ ವ್ಯಾಜ್ಯ ಬಗೆಹರಿಯದೆ ವರ್ಷಗಳು ಉರುಳಿದವು. ಕೊನೆಗೆ ಸ್ಮಾರಕ ತಲೆಯೆತ್ತಿದ್ದು ಮೈಸೂರಿನ ಎಚ್.ಡಿ. ಕೋಟೆ ರಸ್ತೆಯ ಹಾಲಾಳು ಗ್ರಾಮದಲ್ಲಿ. ಅದರ ಉದ್ಘಾಟನೆ 2023ರ ಜನವರಿ 29ರಂದು, ಅಂದರೆ ಹದಿಮೂರು ವರ್ಷದ ಮೇಲೆ. ಅಭಿಮಾನಿಗಳು ಪೂಜಿಸುತ್ತಿದ್ದ ಅಭಿಮಾನ್ ಸ್ಟುಡಿಯೊದ ಸಮಾಧಿ 2025ರ ಆಗಸ್ಟಿನಲ್ಲಿ ನೆಲಸಮವಾಯಿತು. ಇದೇ ಕಾಲದಲ್ಲಿ ಕಂಠೀರವ ಸ್ಟುಡಿಯೊ ನೋಡಿ. ಅದು ಸರ್ಕಾರದ ಒಡೆತನದ ಸಂಸ್ಥೆ. 2006ರಲ್ಲಿ ರಾಜ್‌ಕುಮಾರ್, 2017ರಲ್ಲಿ ಪಾರ್ವತಮ್ಮ, 2018ರಲ್ಲಿ ಅಂಬರೀಶ್, 2021ರಲ್ಲಿ ಪುನೀತ್ ಅವರ ಅಂತ್ಯಸಂಸ್ಕಾರ ಅಲ್ಲೇ ಆಯಿತು, ಜಾಗ ಯಾರದೆಂಬ ಪ್ರಶ್ನೆ ಏಳಲಿಲ್ಲ. ಅಭಿಮಾನದಲ್ಲಿ ಯಾರೂ ಕಡಿಮೆಯಿರಲಿಲ್ಲ, ವ್ಯತ್ಯಾಸವಿದ್ದದ್ದು ನೆಲದ ಒಡೆತನದಲ್ಲಿ.

ನೀವು ನೋಡಬೇಕಾದದ್ದು: ಪಹಣಿಯಲ್ಲಿ ಹೆಸರು ಯಾರದು, ಖರಾಬು (ಸಾಗುವಳಿಗೆ ಬಾರದ್ದೆಂದು ದಾಖಲಾದ ಭಾಗ) ಇದೆಯೇ, ಇದ್ದರೆ ‘ಬಿ’ ಖರಾಬೇ (ಅದು ಸಾರ್ವಜನಿಕ ಬಳಕೆಯದು, ದಾನಿ ಕೊಡಲಾರರು), ಮಂಜೂರಾದ ಜಮೀನಾದರೆ ಪರಭಾರೆ ಮಾಡಬಾರದೆಂಬ ಷರತ್ತಿದೆಯೇ, ಕಳೆದ 30 ವರ್ಷದ ಋಣಭಾರ ಪ್ರಮಾಣಪತ್ರ ಏನು ಹೇಳುತ್ತದೆ, ಅಣ್ಣತಮ್ಮಂದಿರು, ಹೆಣ್ಣುಮಕ್ಕಳು ಸೇರಿ ಎಲ್ಲ ಹಕ್ಕುದಾರರೂ ಒಪ್ಪಿದ್ದಾರೆಯೇ. ಸ್ಥಿರಾಸ್ತಿಯ ದಾನ ನೋಂದಣಿಯಾದ ಪತ್ರದ ಮೂಲಕವೇ ಆಗಬೇಕು, ಇಬ್ಬರು ಸಾಕ್ಷಿಗಳು ಬೇಕು. ಛಾಪಾ ಕಾಗದದ ಮೇಲೆ ಬರೆದ ಒಪ್ಪಂದ ದಾನವಲ್ಲ. ಪತ್ರ ಒಬ್ಬ ಪದಾಧಿಕಾರಿಯ ಹೆಸರಿಗೆ ಆಗಬಾರದು. ಗ್ರಾಮ ಪಂಚಾಯಿತಿಗೋ ನೋಂದಾಯಿತ ಸಂಘಕ್ಕೋ ಆಗಲಿ. ಸಂಘವನ್ನು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಲು ಕನಿಷ್ಠ ಏಳು ಸದಸ್ಯರು ಸಾಕು.

ರಸ್ತೆಗೆ ಹೆಸರಿಟ್ಟು ಎರಡು ವರ್ಷವಾದರೂ ಯಾರೂ ಆ ಹೆಸರು ಹೇಳುವುದಿಲ್ಲ. ಏನು ಮಾಡಬೇಕು?
— ಓದುಗರು, ಹುಬ್ಬಳ್ಳಿ

ಹೆಸರು ಚಿಕ್ಕದಿದೆಯೇ ನೋಡಿ. ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆ ಅಂಗಡಿಗಳ ಬೋರ್ಡಿನಲ್ಲಿ, ವಿಳಾಸದಲ್ಲಿ, ಆಟೋದವರ ಬಾಯಲ್ಲಿ ನೆಲೆಯಾಗಿರುವುದಕ್ಕೆ ಅದರ ಚಿಕ್ಕತನವೂ ಕಾರಣ. ಬಿರುದು, ಪ್ರಶಸ್ತಿ, ಇನಿಶಿಯಲ್ಲು ಎಲ್ಲ ಸೇರಿದ ಆರು ಪದದ ಹೆಸರನ್ನು ಯಾವ ಕಂಡಕ್ಟರೂ ಕೂಗಲಾರ. ಬಿರುದುಗಳು ಉದ್ಘಾಟನೆಯ ಕಲ್ಲಿನಲ್ಲಿರಲಿ, ರಸ್ತೆಯ ಹೆಸರಿನಲ್ಲಿ ಬೇಡ.

ಆಮೇಲೆ ಬಸ್ ನಿಲ್ದಾಣದ ಹೆಸರು. ಜನ ರಸ್ತೆಯ ಹೆಸರನ್ನು ಕಲಿಯುವುದು ಟಿಕೆಟಿನಿಂದ. ಠರಾವಿನ ಪ್ರತಿ ಲಗತ್ತಿಸಿ ಸಾರಿಗೆ ಸಂಸ್ಥೆಯ ವಿಭಾಗೀಯ ಕಚೇರಿಗೆ ಬರೆಯಿರಿ. ಅಂಚೆ ಕಚೇರಿಗೂ ವಿದ್ಯುತ್ ಕಂಪನಿಗೂ ಒಂದೊಂದು ಪ್ರತಿ ಕೊಡಿ. ಮೊಬೈಲ್ ನಕ್ಷೆಗಳಲ್ಲಿ ತಿದ್ದುಪಡಿ ಸೂಚಿಸುವಾಗ ಠರಾವಿನ ಮತ್ತು ಫಲಕದ ಚಿತ್ರ ಸೇರಿಸಿ, ಹಳೆಯ ಹೆಸರನ್ನು ಅಳಿಸದೆ ಇನ್ನೊಂದು ಹೆಸರಾಗಿ ಉಳಿಸಿ. ಹಳೆಯ ಹೆಸರಿನಲ್ಲಿ ಹುಡುಕಿದವರಿಗೂ ಹೊಸದು ಕಾಣುತ್ತದೆ. ಎರಡೂ ತುದಿಗೆ ಒಂದೊಂದೇ ಫಲಕ ಸಾಲದು, ಅಡ್ಡರಸ್ತೆ ಸೇರುವ ಪ್ರತಿ ಮೂಲೆಯಲ್ಲೂ ಬೇಕು. ರಸ್ತೆಯ ಅಂಗಡಿಯವರನ್ನು ಕಂಡು, ಮುಂದಿನ ಸಲ ಬೋರ್ಡು ಬರೆಸುವಾಗ ವಿಳಾಸದಲ್ಲಿ ಹೊಸ ಹೆಸರು ಹಾಕಿ ಎಂದು ಕೇಳಿಕೊಳ್ಳಿ. ಈ ಓಡಾಟಕ್ಕೆ ಹಣ ಬೇಡ, ಎರಡು ಭಾನುವಾರ ಸಾಕು.

ರಸ್ತೆ, ವೃತ್ತ ಬಿಟ್ಟು ಬೇರೆ ಏನಕ್ಕೆ ಹೆಸರಿಟ್ಟರೆ ಚೆನ್ನ?
— ಶಿಕ್ಷಕಿ, ಧಾರವಾಡ

ಜನ ಒಳಗೆ ಬಂದು ಏನಾದರೂ ಮಾಡುವ ಜಾಗಕ್ಕೆ. ಬೆಂಗಳೂರಿನ ಜೆ.ಪಿ. ನಗರದಲ್ಲಿ 2004ರಲ್ಲಿ ಬಾಗಿಲು ತೆರೆದ ರಂಗಶಂಕರದ ಹೆಸರಿನಲ್ಲೇ ಶಂಕರ್‌ನಾಗ್ ಇದ್ದಾರೆ. ಅಲ್ಲಿ ನಾಟಕ ಹೇಳಿದ ಹೊತ್ತಿಗೆ ಶುರುವಾಗುತ್ತದೆ, ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ರಂಗಭೂಮಿಯಿಂದ ಬಂದ ನಟನಿಗೆ ಇದಕ್ಕಿಂತ ಒಪ್ಪುವ ಗೌರವವನ್ನು ನಾವು ಕಂಡಿಲ್ಲ. ಸಣ್ಣ ಊರಿನಲ್ಲಿ ಅಷ್ಟು ದೊಡ್ಡದು ಬೇಡ. ಶಾಲೆಯ ಬಯಲು ರಂಗವೇದಿಕೆ, ಪಂಚಾಯಿತಿ ಗ್ರಂಥಾಲಯದ ಒಂದು ಕೋಣೆ ಸಾಕು. ಶಾಲೆಯ ಕಟ್ಟಡವಾದರೆ ಶಿಕ್ಷಣ ಇಲಾಖೆಯ ಅನುಮತಿ ಬೇಕು, ಶಾಲಾಭಿವೃದ್ಧಿ ಸಮಿತಿಯ ಠರಾವಿನಿಂದ ಆರಂಭಿಸಿ.

ಇನ್ನೊಂದು ಉದಾಹರಣೆ ಡಾ. ರಾಜ್‌ಕುಮಾರ್ ಹೆಸರಿನ ನೇತ್ರ ಬ್ಯಾಂಕ್. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರಲ್ಲಿ ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಕಾರ್ನಿಯಾದ ಮುಂಪದರ ಒಬ್ಬರಿಗೆ, ಹಿಂಪದರ ಇನ್ನೊಬ್ಬರಿಗೆ ಎಂಬಂತೆ ಬಿಡಿಸಿ ಜೋಡಿಸಿದ್ದರಿಂದ ಎರಡು ಕಣ್ಣು ನಾಲ್ವರಿಗೆ ಒದಗಿದವು. ನಿಮ್ಮ ಊರಿನ ಬಳಗ ಪುನೀತ್ ಹೆಸರಿನಲ್ಲಿ ನೇತ್ರದಾನದ ಕೇಂದ್ರವೊಂದನ್ನು ನಡೆಸಬಹುದು. ಅದಕ್ಕೆ ಕಟ್ಟಡ ಬೇಡ. ಹತ್ತಿರದ ನೇತ್ರ ಬ್ಯಾಂಕಿನ ಜೊತೆ ಒಪ್ಪಂದ, ರಾತ್ರಿ-ಹಗಲು ಎತ್ತುವ ಒಂದು ಫೋನು, ಆ ಸಂಖ್ಯೆ ಬರೆದ ಫಲಕ ಆಸ್ಪತ್ರೆಯಲ್ಲೂ ಪಂಚಾಯಿತಿಯಲ್ಲೂ ಇದ್ದರೆ ಸಾಕು.

ಫಲಕದಲ್ಲಿ ಇಷ್ಟು ಬರೆಸಿ: ಸಾವಿನ ನಂತರ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು; ಕೂಡಲೇ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಬೇಕು, ಫ್ಯಾನ್ ನಿಲ್ಲಿಸಬೇಕು, ತಲೆಯ ಕೆಳಗೆ ದಿಂಬಿಟ್ಟು ಎತ್ತರಿಸಬೇಕು; ಕನ್ನಡಕ ಹಾಕಿದವರೂ ಪೊರೆಯ ಶಸ್ತ್ರಚಿಕಿತ್ಸೆಯಾದವರೂ ಕೊಡಬಹುದು; ರೇಬೀಸ್, ಎಚ್‌ಐವಿ, ಹೆಪಟೈಟಿಸ್ ಇದ್ದವರದನ್ನು ಸ್ವೀಕರಿಸುವುದಿಲ್ಲ. ಮೊದಲೇ ವಾಗ್ದಾನ ಪತ್ರ ಬರೆದಿರದಿದ್ದರೂ ಮನೆಯವರು ಒಪ್ಪಿದರೆ ಸಾಕು ಎಂಬ ಸಾಲನ್ನು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಹಾಕಿಸಿ.